ಕೊನೆಯ ರೀಲನ್ನು ಕತ್ತರಿಸಿದ್ದು ನಾನು

ಕತ್ತರಿಸಿದ್ದು ನಾನು. ಮೊಳಕಾಲ್ಮೂರು ಟಾಕೀಸಿನ ಆಪರೇಟರ್ ಪಾಪಯ್ಯ ಅಲ್ಲ, ಚಳ್ಳಕೆರೆ ಟಾಕೀಸಿನ ಆಪರೇಟರ್ ಓಬಯ್ಯನೂ ಅಲ್ಲ. ಆ ಗೂಢಚಾರನ ಸಿನಿಮಾದ ಕೊನೆಯ ಏಳು ನಿಮಿಷವನ್ನು ಒಂದು ಶುಕ್ರವಾರ ಬೆಳಿಗ್ಗೆ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ಗಡ್ಡ ಹೆರೆಯುವ ಬ್ಲೇಡಿನಿಂದ ಕೊಯ್ದು ತೆಗೆದವನು ನಾನು — ತಿಪ್ಪೇಸ್ವಾಮಿ, ಆಗ ಇಪ್ಪತ್ನಾಲ್ಕು ವರ್ಷದವನು, ಚಳ್ಳಕೆರೆಯ ಅಭಿಮಾನಿ ಸಂಘದ ಕಾರ್ಯದರ್ಶಿ. ಹತ್ತು ದಿನ ಕಳೆದ ಮೇಲೆ ಎಲ್ಲರೆದುರು ಕೇಳಿದಾಗ ನಾನು ಹೇಳಿದ್ದು ಮೂರೇ ಪದ: "ನಾನು ಡಬ್ಬಿ ಬಿಚ್ಚಿಲ್ಲ."

ಆ ಮೂರು ಪದ ಒಬ್ಬ ಮನುಷ್ಯನನ್ನು ಕಳ್ಳನನ್ನಾಗಿ ಮಾಡಿದವು. ಅಣ್ಣ ತಂಗಿಯನ್ನು ದೂರ ಮಾಡಿದವು. ಇದನ್ನು ಬರೆಯುವಾಗ ನನಗೆ ಅಳು ಬರುತ್ತಿಲ್ಲ — ಸಿಟ್ಟು ಬರುತ್ತಿದೆ. ಮೊದಲು ನನ್ನ ಮೇಲೆ. ಆಮೇಲೆ ನಮ್ಮ ಸಂಘದ ಮೇಲೆ. ಒಂದು ಬೊಂಬೆಯ ಮರ್ಯಾದೆಗಾಗಿ ಜೀವಂತ ಮನುಷ್ಯನ ಮರ್ಯಾದೆ ತೆಗೆದು, ಸಂಜೆ ಹೋಟೆಲಿನಲ್ಲಿ ಮಂಡಕ್ಕಿ ತಿಂದು ಮನೆಗೆ ಹೋದ ನಮ್ಮೆಲ್ಲರ ಮೇಲೆ.

ಸಿನಿಮಾದ ಹೆಸರು ಬರೆಯುವುದಿಲ್ಲ. ಬರೆದರೆ ಓದುವವರು ನನ್ನ ತಪ್ಪನ್ನು ಬಿಟ್ಟು, ಆ ಸಿನಿಮಾ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ಮತ್ತೆ ಕೂರುತ್ತಾರೆ; ನಮ್ಮ ಕಡೆಯ ಜನರನ್ನು ನಾನು ಬಲ್ಲೆ. ನಾಯಕ ನಟನ ಹೆಸರೂ ಬೇಡ. ನಾವು ಅವರನ್ನು 'ದೊರೆ' ಅನ್ನುತ್ತಿದ್ದೆವು, ಅಷ್ಟು ಸಾಕು.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮಪ್ಪ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಬಾಯ್ಲರಿಗೆ ಶೇಂಗಾ ಹೊಟ್ಟು ಹಾಕುವ ಕೆಲಸದಲ್ಲಿದ್ದ. ಅವ್ವ ಅದೇ ಮಿಲ್ಲಿನಲ್ಲಿ ಕಾಳು ಆರಿಸಲು ಹೋಗುತ್ತಿದ್ದಳು. ನಾನು ಪಿಯುಸಿ ಫೇಲಾಗಿ ಸಿನಿಮಾ ಡಬ್ಬಿ ಸಾಗಿಸುವ ಕೆಲಸ ಹಿಡಿದಿದ್ದೆ. ಆಗೆಲ್ಲ ಒಂದು ಸಿನಿಮಾ ಚಳ್ಳಕೆರೆಯಲ್ಲಿ ಓಡಿ ಮುಗಿದ ಮೇಲೆ ಅದೇ ರೀಲುಗಳು ಮೊಳಕಾಲ್ಮೂರಿಗೆ ಹೋಗಬೇಕಿತ್ತು. ದೊಡ್ಡ ತಗಡಿನ ಡಬ್ಬಿ, ಒಳಗೆ ರೀಲುಗಳು, ಸುತ್ತ ಹಗ್ಗ. ಅದನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ, ಮೊದಲ ಆಟದೊಳಗೆ ಅಲ್ಲಿನ ಆಪರೇಟರ್ ಕೈಗೆ ಕೊಡುವವನು ನಾನು.

ಆ ಆಪರೇಟರೇ ಪಾಪಯ್ಯ. ದೇವಸಮುದ್ರದವರು, ನಲವತ್ತು ದಾಟಿದವರು, ಟಾಕೀಸಿನ ಹಿಂದೆಯೇ ಒಂದು ಕೋಣೆಯಲ್ಲಿ ಹೆಂಡತಿ ಬೋರಮ್ಮನ ಜೊತೆ ಇದ್ದರು. ಅವರಿಗೆ ಮಕ್ಕಳಿರಲಿಲ್ಲ. ಚಳ್ಳಕೆರೆ ಟಾಕೀಸಿನ ಓಬಯ್ಯ ಬೇರೆ ಯಾರೂ ಅಲ್ಲ, ಬೋರಮ್ಮನ ಸ್ವಂತ ಅಣ್ಣ. ಪಾಪಯ್ಯನಿಗೆ ಪ್ರೊಜೆಕ್ಟರ್ ಕೆಲಸ ಕಲಿಸಿದವನೂ ಅವನೇ, ತಂಗಿಯನ್ನು ಕೊಟ್ಟವನೂ ಅವನೇ. ನಾನು ಡಬ್ಬಿ ತಂದ ದಿನ ಬೋರಮ್ಮ, "ಉಂಡು ಹೋಗಪ್ಪ, ನಮ್ಮಣ್ಣನ ಊರಿಂದ ಬಂದೀಯ" ಅಂತ ಮುದ್ದೆ ಹಾಕುತ್ತಿದ್ದಳು. ಅವಳನ್ನು ನಾನು ಅಕ್ಕ ಅನ್ನುತ್ತಿದ್ದೆ. ಊಟವಾದ ಮೇಲೆ ಪಾಪಯ್ಯ ನನ್ನನ್ನು ಕ್ಯಾಬಿನ್ನಿಗೆ ಕರೆದೊಯ್ದು, ಹರಿದ ಫಿಲ್ಮನ್ನು ಹೇಗೆ ಕೆರೆಯಬೇಕು, ಹೇಗೆ ಸೊಲ್ಯೂಷನ್ ಹಚ್ಚಿ ಅಂಟಿಸಬೇಕು ಎಂದು ತೋರಿಸುತ್ತಿದ್ದರು. "ಇದೂ ಒಂದು ವಿದ್ಯೆ ಕಣಪ್ಪ, ಯಾವತ್ತಾದ್ರೂ ಕೈ ಹಿಡಿತೈತೆ" ಅನ್ನುತ್ತಿದ್ದರು.

ಆ ವಿದ್ಯೆಯಿಂದಲೇ ಅವರ ಕೈ ಕಡಿದೆ — ಇದಕ್ಕಿಂತ ಕೆಟ್ಟದ್ದನ್ನು ನನ್ನ ಬಗ್ಗೆ ಬರೆಯಲು ಗೊತ್ತಿಲ್ಲ.

ಸಿನಿಮಾದ ವಿಷಯಕ್ಕೆ ಬರುತ್ತೇನೆ. ದೊರೆ ಅದರಲ್ಲಿ ಗೂಢಚಾರ. ಗೆಳೆಯನೊಬ್ಬನ ಜೊತೆ ಗಡಿ ದಾಟಿ ಶತ್ರು ದೇಶಕ್ಕೆ ಹೋಗುತ್ತಾನೆ. ಬಳೆಗಾರನ ವೇಷ, ಮುಲ್ಲಾನ ವೇಷ, ಕುರುಡನ ವೇಷ. ನಡುವೆ ಸಿಕ್ಕಿಬೀಳುವ ಹೊತ್ತು ಬಂದಾಗ, ತಾನು ಉಳಿಯಲು ಗೆಳೆಯನ ಹೆಸರು ಹೇಳಿಬಿಡುತ್ತಾನೆ. ಗೆಳೆಯ ಸಾಯುತ್ತಾನೆ. ದೊರೆ ಗುಟ್ಟು ಹೊತ್ತು ವಾಪಸು ಬರುತ್ತಾನೆ, ದೇಶವೇ ಕೊಂಡಾಡುತ್ತದೆ, ಬ್ಯಾಂಡು ಬಾರಿಸಿ ಪದಕ ಹಾಕುತ್ತಾರೆ. ಅಲ್ಲಿಗೆ ಮುಗಿದಿದ್ದರೆ ನಮಗೆ ಯಾವ ತಕರಾರೂ ಇರಲಿಲ್ಲ. ಮುಗಿಯಲಿಲ್ಲ. ಕೊನೆಯ ಏಳು ನಿಮಿಷದಲ್ಲಿ ಆತ ಸತ್ತ ಗೆಳೆಯನ ಹಳ್ಳಿಗೆ ಹೋಗುತ್ತಾನೆ. ಪದಕವನ್ನು ಜಗಲಿಯ ಮೇಲಿಟ್ಟು, ಗೆಳೆಯನ ತಾಯಿಯ ಕಾಲಿಗೆ ಬಿದ್ದು, ನಿನ್ನ ಮಗನನ್ನು ಹಿಡಿದುಕೊಟ್ಟವನು ನಾನೇ ಅನ್ನುತ್ತಾನೆ. ಆ ಮುದುಕಿ ಒಂದು ಮಾತೂ ಆಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಸಿನಿಮಾ ಮುಗಿಯುತ್ತದೆ.

ಚಳ್ಳಕೆರೆಯಲ್ಲಿ ಮೊದಲ ದಿನವೇ ಸೀಟು ಹರಿದವು. ತಮಟೆ ತಂದಿದ್ದವರು ಬಾರಿಸದೆ ಹೊತ್ತುಕೊಂಡು ಹೋದರು. ಮಾರನೆಯ ದಿನದಿಂದ ಊರು ಎರಡು ಪಾಲಾಯಿತು. ಶೇಂಗಾ ಮಂಡಿಯಲ್ಲಿ ಹಮಾಲರು ಮೂಟೆ ಇಳಿಸಿ ವಾದ ಮಾಡುತ್ತಿದ್ದರು. ವೇಷಗಳು ಚೆನ್ನಾಗಿವೆ, ಆದರೆ ಅರ್ಧ ಆದ ಮೇಲೆ ಒಂದು ಫೈಟೂ ಇಲ್ಲ ಅನ್ನುವವರು. ಹಾಡು ಕಡಿಮೆ ಅನ್ನುವವರು. ಇಂಗ್ಲಿಷ್ ಸಿನಿಮಾದಿಂದ ಕದ್ದಿದ್ದಾರೆ ಎಂದು ಆ ಇಂಗ್ಲಿಷ್ ಸಿನಿಮಾ ನೋಡದೆಯೇ ಹೇಳುವವರು.

ದೊಡ್ಡ ವಾದ ನಡೆಯುತ್ತಿದ್ದದ್ದು ದಾದಾಪೀರನ ಸೈಕಲ್ ಶಾಪಿನ ಮುಂದೆ. ದಾದಾಪೀರ್ ನನ್ನ ಜೊತೆ ಓದಿದವನು, ದೊರೆಯ ಸಿನಿಮಾಗಳನ್ನು ನನಗಿಂತ ಹೆಚ್ಚು ನೋಡಿದವನು. ಪಂಕ್ಚರ್ ಹಾಕುತ್ತ, ತಲೆ ಎತ್ತದೆ ಮಾತಾಡುತ್ತಿದ್ದ.

"ಗೂಢಚಾರ ಅಂದ್ರೆ ಯಾರ್ಲೇ? ಸುಳ್ಳು ಹೇಳೋದೇ ಅವನ ಕೆಲಸ. ಎರಡೂವರೆ ತಾಸು ಸುಳ್ಳು ಹೇಳಿ ಕೊನೆಗೆ ಒಂದು ನಿಜ ಹೇಳ್ದ. ಆ ಒಂದಕ್ಕೇ ನಾನು ನಾಲ್ಕು ಸಲ ಟಿಕೆಟ್ ತಗೊಂಡೀನಿ."

"ನಿಜ ಕೇಳ್ಬೇಕು ಅಂದ್ರೆ ಕೋರ್ಟಿಗೆ ಹೋಗು. ಟಾಕೀಸಿಗೆ ಯಾಕೆ ಬರ್ತೀಯ?" ಅಂದೆ ನಾನು. "ದೊರೆ ಒಬ್ಬ ಮುದುಕಿ ಕಾಲಿಗೆ ಬೀಳೋದಾ? ಅದನ್ನ ನೋಡಾಕೆ ನಾವು ಹಾಲು ಹೊತ್ಕೊಂಡು ಹೋಗಿದ್ವಾ?"

"ಬಿದ್ದಿದ್ದು ದೊರೆ ಅಲ್ಲ ಕಣೋ. ತಪ್ಪು ಮಾಡಿದೋನು."

ನೆರೆದವರು ನಕ್ಕರು. ಉತ್ತರ ಹೊಳೆಯದವನಿಗೆ ಬರುವ ಸಿಟ್ಟು ಎಂಥದ್ದು ಅನ್ನುವುದು — ವಾದಗಳಲ್ಲಿ ಸೋತವರಿಗೆ ಗೊತ್ತಿರುತ್ತದೆ. ಮೊಳಕಾಲ್ಮೂರಿನ ಸಂಘದವರು ಆಗಲೇ ಇಪ್ಪತ್ತಡಿ ಕಟೌಟ್ ನಿಲ್ಲಿಸಿದ್ದರು. ಚಳ್ಳಕೆರೆಯಲ್ಲಿ ಆದ ಅವಮಾನ ಅಲ್ಲಿ ಆಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ದೊರೆಯ ಮಾನ ಕಾಯುವ ಕೆಲಸ ನನ್ನ ಪಾಲಿಗೆ ಬಂದಿದೆ ಅಂದುಕೊಂಡೆ. ಎಂಥ ಸೊಕ್ಕು. ಆ ನಟನಿಗೆ ನಾನೊಬ್ಬ ಇದ್ದೇನೆ ಅನ್ನುವುದೇ ಗೊತ್ತಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಓಬಯ್ಯ ತನ್ನ ಕೈಯಾರೆ ಡಬ್ಬಿಗೆ ಹಗ್ಗ ಬಿಗಿದು ಕೊಟ್ಟ. ನಾನು ಬಸ್ ಸ್ಟ್ಯಾಂಡಿಗೆ ಹೋಗದೆ ಮನೆಗೆ ಹೋದೆ. ಅಪ್ಪ ಅವ್ವ ಇಬ್ಬರೂ ಮಿಲ್ಲಿಗೆ ಹೋಗಿದ್ದರು. ಅವ್ವನ ಹಳೆಯ ಸೀರೆ ಹಾಸಿ ಅದರ ಮೇಲೆ ಕೊನೆಯ ರೀಲನ್ನು ಬಿಚ್ಚಿದೆ. ಬೆಳಕಿಗೆ ಹಿಡಿದು ನೋಡುತ್ತ ಹೋದೆ. ಪದಕ ಹಾಕುವ ದೃಶ್ಯ ಮುಗಿಯುವಲ್ಲಿ ಕೊಯ್ದೆ, ಬಾಗಿಲು ಮುಚ್ಚಿದ ಮೇಲೆ 'ಶುಭಂ' ಬರುವಲ್ಲಿ ಕೊಯ್ದೆ, ಎರಡನ್ನೂ ಪಾಪಯ್ಯ ಕಲಿಸಿದ ಹಾಗೆ ಅಂಟಿಸಿದೆ. ಹಳೆಯ ಪ್ರಿಂಟು, ಮೈತುಂಬ ಅಂಟು. ಇನ್ನೊಂದು ಹೆಚ್ಚಾದರೆ ಯಾರಿಗೂ ತಿಳಿಯುವಂತಿರಲಿಲ್ಲ. ಕೊಯ್ದದ್ದನ್ನು ಗೋಣಿಚೀಲದಲ್ಲಿ ತುಂಬಿ ಅಟ್ಟದ ಮೇಲೆ ಎಸೆದು, ಹತ್ತೂವರೆಯ ಬಸ್ಸು ಹಿಡಿದೆ. ಮಾರನೆಯ ದಿನ ಅಪ್ಪನಿಗೆ ಬುತ್ತಿ ಕೊಡುವ ನೆವದಲ್ಲಿ ಮಿಲ್ಲಿಗೆ ಹೋಗಿ, ಅವನು ಕೈ ತೊಳೆಯಲು ಹೋದಾಗ ಚೀಲವನ್ನು ಬಾಯ್ಲರಿನ ಒಲೆಗೆ ತಳ್ಳಿದೆ. "ಏನ್ಲಾ ಇದು ನಾತ?" ಅಂದ ಅಪ್ಪ. "ಹೊಟ್ಟಿನಾಗೆ ಪ್ಲಾಸ್ಟಿಕ್ ಬಂದೈತೆ" ಅಂದೆ. ಅದು ನನ್ನ ಮೊದಲ ಸುಳ್ಳು. ಎರಡನೆಯದಕ್ಕೆ ಅದೇ ಅಭ್ಯಾಸವಾಯಿತೋ ಏನೋ.

ಮೊಳಕಾಲ್ಮೂರಿನಲ್ಲಿ ಸಿನಿಮಾ ಗೆದ್ದಿತು. ಬ್ಯಾಂಡು, ಪದಕ, ಶುಭಂ. ಜನ ಕುಣಿದರು. ಕೊಂಡ್ಲಹಳ್ಳಿಯಿಂದ, ರಾಯದುರ್ಗದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬಂದು ನೋಡಿದರು. ಚಳ್ಳಕೆರೆಯವರು ಸಿಕ್ಕರೆ ಮೊಳಕಾಲ್ಮೂರಿನವರು, "ನಿಮಗೆ ಸಿನಿಮಾ ನೋಡೋಕೆ ಬರಲ್ಲ, ದೊರೆ ಯಾರ ಕಾಲಿಗೂ ಬೀಳಲ್ಲ" ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ನಾವು ನೋಡಿದ್ದೀವಿ ಎಂದು ಇವರು, ನಾವೂ ನೋಡಿದ್ದೀವಿ ಎಂದು ಅವರು. ಎರಡೂ ಕಡೆಯವರು ಆಣೆ ಇಟ್ಟು ನಿಜವನ್ನೇ ಹೇಳುತ್ತಿದ್ದರು. ಬಸ್ಸಿನಲ್ಲಿ ಕೂತು ಈ ಜಗಳಗಳನ್ನು ಕೇಳುತ್ತ ನಾನು ಒಳಗೊಳಗೇ ನಗುತ್ತಿದ್ದೆ. ನಗುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಎರಡನೆಯ ಭಾನುವಾರ ದಾದಾಪೀರ್ ಮೊಳಕಾಲ್ಮೂರಿಗೆ ಬಂದ. ಅಲ್ಲಿನ ತನ್ನ ಚಿಕ್ಕಪ್ಪನ ಮಕ್ಕಳನ್ನು, ಕೊನೆ ನೋಡಿ ಆಮೇಲೆ ಮಾತಾಡಿ ಎಂದು ಮ್ಯಾಟಿನಿಗೆ ಕರೆದುಕೊಂಡು ಹೋದ. ಕೊನೆ ಬರಲಿಲ್ಲ. ದೀಪ ಹತ್ತಿದ ಕೂಡಲೇ ಅವನು ಕ್ಯಾಬಿನ್ನಿನ ಮೆಟ್ಟಿಲು ಹತ್ತಿದ.

"ಪಾಪಯ್ಯಣ್ಣ, ಕೊನೇದು ಎಲ್ಲೈತೆ?"

"ಯಾವ ಕೊನೇದಪ್ಪ? ಬಂದಿದ್ದೇ ಇಷ್ಟು. ಬಂದಿದ್ದನ್ನ ಓಡ್ಸೀನಿ."

ಮಾತು ಕೆಳಗಿಳಿಯಿತು. ಸಂಘದವರು ಸೇರಿದರು, ಟಾಕೀಸಿನ ಮಾಲೀಕರು ಬಂದರು. ಇಲ್ಲಿ ನನಗೆ ಇಂದಿಗೂ ಮೈ ಉರಿಯುವ ಒಂದು ಸಂಗತಿಯಿದೆ. ದೊರೆ ಕಾಲಿಗೆ ಬೀಳುವುದೇ ಇಲ್ಲ, ಬಿದ್ದರೆ ಟಾಕೀಸು ಸುಡುತ್ತೇವೆ ಎಂದು ವಾರವಿಡೀ ಕೂಗಿದವರೇ ಈಗ, ದೊರೆಯ ಸಿನಿಮಾಕ್ಕೆ ಕತ್ತರಿ ಹಾಕಿದವನು ಯಾರು ಎಂದು ಕೂಗತೊಡಗಿದರು. ಅವರಿಗೆ ಆ ಏಳು ನಿಮಿಷ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಕೂಗಲು ಒಂದು ಕಾರಣ.

ಮಾಲೀಕರು ಚಳ್ಳಕೆರೆಗೆ ಫೋನು ಮಾಡಿದರು. ಓಬಯ್ಯ, ಅಲ್ಲಿ ಕೊನೆಯ ಆಟದವರೆಗೂ ಪೂರ್ತಿ ಓಡಿದೆ, ಊರೇ ನೋಡಿದೆ, ನಾನೇ ಹಗ್ಗ ಕಟ್ಟಿ ಕೊಟ್ಟಿದ್ದೇನೆ ಅಂದ. ಅದು ನಿಜ. ಅವತ್ತು ನಾನು ಪೋಸ್ಟರು ತಲುಪಿಸಲು ಮೊಳಕಾಲ್ಮೂರಿಗೇ ಬಂದಿದ್ದೆ. ಮಾಲೀಕರು ನನ್ನ ಕಡೆ ತಿರುಗಿದರು.

"ಡಬ್ಬಿ ತಂದೋನು ನೀನಲ್ವೇನೋ? ದಾರ್ಯಾಗೆ ಏನಾದ್ರೂ ಆತಾ?"

ನಾನು ಬಾಯಿ ತೆರೆಯುವ ಮುಂಚೆ ಪಾಪಯ್ಯನೇ ಹೇಳಿದರು: "ಅವನ್ನ ಯಾಕೆ ಕೇಳ್ತೀರ ಯಜಮಾನ್ರೇ? ನಮ್ಮನ್ಯಾಗೆ ಉಂಡೋನು. ಅವನು ಅಂಥೋನಲ್ಲ."

ಇಷ್ಟು ಕೇಳಿದ ಮೇಲಾದರೂ — ಒಂದು ನಾಯಿಯಾದರೂ ತಲೆ ತಗ್ಗಿಸುತ್ತಿತ್ತು. ನಾನು ತಲೆ ಎತ್ತಿ ಹೇಳಿದೆ.

"ನಾನು ಡಬ್ಬಿ ಬಿಚ್ಚಿಲ್ಲ."

ಹಾಗಾದರೆ ಉಳಿದವರು ಪಾಪಯ್ಯ. ಆಟ ಬೇಗ ಮುಗಿಸಿ, ದೀಪಕ್ಕೆ ಉರಿಸುವ ಕಾರ್ಬನ್ ಕಡ್ಡಿ ಉಳಿಸಿ ಮಾರಿಕೊಂಡಿದ್ದಾನೆ ಎಂದು ಮಾಲೀಕರು ನಿಂತ ಕಾಲಲ್ಲೇ ತೀರ್ಪು ಕೊಟ್ಟರು. ಹದಿನೆಂಟು ವರ್ಷ ತಮ್ಮಲ್ಲಿ ದುಡಿದವನನ್ನು ಒಂದು ಮಾತು ಬಿಡಿಸಿ ಕೇಳಲಿಲ್ಲ. ಸಂಘದವರು ಪಾಪಯ್ಯನನ್ನು ಹೊರಗೆಳೆದು ಕಟೌಟಿನ ಮುಂದೆ ನಿಲ್ಲಿಸಿದರು. "ದೊರೆ ಕಾಲಿಗೆ ಬೀಳು. ತಪ್ಪಾತು ಅನ್ನು."

"ನಾನು ಮಾಡಿಲ್ಲಪ್ಪ" ಅಂದರು ಅವರು. ಎರಡು ಸಲ ಅಂದರು. ಒಬ್ಬ ಕುತ್ತಿಗೆ ಹಿಡಿದು ಬಗ್ಗಿಸಿದ. ಹಿಂದಿನ ದಿನ ಕಟೌಟಿಗೆ ಸುರಿದ ಹಾಲು ಬುಡದಲ್ಲಿ ಹುಳಿತು ನೊಣ ಮುತ್ತಿತ್ತು. ಅವರ ಹಣೆ ಅದರಲ್ಲಿ ಊರಿತು. ಬೋರಮ್ಮ ಓಡಿಬಂದು ಗಂಡನ ಹೆಗಲು ಹಿಡಿದು ಎಬ್ಬಿಸಿದಳು. ಸೆರಗಿನಿಂದ ಹಣೆ ಒರೆಸಿದಳು. ದಾದಾಪೀರ್ ಒಬ್ಬನೇ, "ಬಿಡ್ರಪ್ಪ, ಇದು ಸರಿಯಲ್ಲ, ಬಿಡ್ರಿ" ಎಂದು ಅಡ್ಡ ಬಂದು ಬೆನ್ನಿಗೆ ಏಟು ತಿಂದ. ನಾನು ಚಳ್ಳಕೆರೆ ಸಂಘದ ಕಾರ್ಯದರ್ಶಿ, ಅವರಿಗೂ ಬೇಕಾದವನು. ನನ್ನ ಒಂದು ಮಾತಿಗೆ ಅವರು ನಿಲ್ಲಿಸುತ್ತಿದ್ದರು. ನಾನು ಅಲ್ಲೇ ಇದ್ದೆ, ಕೈಕಟ್ಟಿಕೊಂಡು.

ತೆರೆಯ ಮೇಲೆ ಬಣ್ಣ ಹಚ್ಚಿಕೊಂಡವನು ಬೀಳಬಾರದು ಎಂದು ಫಿಲ್ಮು ಕೊಯ್ದ ನಾನು, ನನಗೆ ಅನ್ನ ಹಾಕಿದವನು ಹಲಗೆಯ ಕಾಲಿಗೆ ಬೀಳುವುದನ್ನು ನೋಡುತ್ತ ನಿಂತಿದ್ದೆ. ಇದಕ್ಕೆ ಯಾವ ವಿವರಣೆಯೂ ಇಲ್ಲ. ವಯಸ್ಸು ಚಿಕ್ಕದು ಅನ್ನುತ್ತಾರೆ ಕೆಲವರು. ಇಪ್ಪತ್ನಾಲ್ಕು ಚಿಕ್ಕ ವಯಸ್ಸಲ್ಲ.

ಪಾಪಯ್ಯನ ಕೆಲಸ ಹೋಯಿತು. ಕಳ್ಳ ಎಂಬ ಹೆಸರು ಅವರಿಗಿಂತ ಮುಂಚೆ ಎಲ್ಲ ಊರುಗಳ ಟಾಕೀಸು ತಲುಪಿತ್ತು. ಯಾರೂ ಕೆಲಸ ಕೊಡಲಿಲ್ಲ. ಗಂಡ ಹೆಂಡತಿ ದೇವಸಮುದ್ರಕ್ಕೆ ಹೋದರು. ಕೆಲವು ವರ್ಷ ಅವರಿವರ ಹೊಲದಲ್ಲಿ ಕೂಲಿ, ಆಮೇಲೆ ಪಂಚಾಯ್ತಿಯ ನೀರು ಬಿಡುವ ಕೆಲಸ. ಆದರೆ ನನ್ನ ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ತಾನು ಕತ್ತರಿಸಿಲ್ಲ ಎಂಬುದು ಪಾಪಯ್ಯನಿಗೆ ಗೊತ್ತಿತ್ತು. ತಿಪ್ಪೇಸ್ವಾಮಿ ಡಬ್ಬಿ ಬಿಚ್ಚಿಲ್ಲ ಎಂದು ನಂಬಿದ್ದರು. ಹಾಗಾದರೆ ಉಳಿದವನು ಯಾರು? ಓಬಯ್ಯ. ಹೆಂಡತಿಯ ಅಣ್ಣ. ಫಿಲ್ಮು ಮಾರಿಕೊಂಡು, ತಂಗಿಯ ಗಂಡನ ತಲೆಗೆ ಕಟ್ಟಿದ ಎಂದು ಅವರ ಮನಸ್ಸಿನಲ್ಲಿ ಕಲ್ಲಾಗಿ ಕೂತಿತು. ಓಬಯ್ಯ ಎರಡು ಸಲ ದೇವಸಮುದ್ರಕ್ಕೆ ಬಂದ. ಎರಡು ಸಲವೂ ಪಾಪಯ್ಯ ಬಾಗಿಲಲ್ಲಿ ನಿಂತು ಕಳಿಸಿದರು. "ಆ ಮನೆ ಹೊಸ್ತಿಲು ತುಳಿದ್ರೆ ಈ ಮನೆಗೆ ಬರಬೇಡ" ಎಂದು ಬೋರಮ್ಮನಿಗೆ ಹೇಳಿದರು.

ಇದು ನನಗೆ ಹೇಗೆ ಗೊತ್ತು? ಬೋರಮ್ಮನೇ ಹೇಳಿದಳು. ಮನೆಮನೆಗೆ ಕೇಬಲ್ ಬಂದು ಡಬ್ಬಿ ಕೆಲಸ ನಿಂತ ಮೇಲೆ ನಾನು ಒಂದು ಖಾಸಗಿ ಬಸ್ಸಿಗೆ ಕಂಡಕ್ಟರಾದೆ. ದೇವಸಮುದ್ರದಿಂದ ಮೊಳಕಾಲ್ಮೂರು ಮೇಲೆ ಚಳ್ಳಕೆರೆಗೆ ದಿನವೂ ಹೋಗಿಬರುವ ಬಸ್ಸು. ಮೊದಲ ವಾರವೇ ಬೋರಮ್ಮ ಬಸ್ಸಿನ ಬಳಿ ಬಂದಳು. ನನ್ನನ್ನು ಕಂಡು ಅವಳ ಮುಖ ಅರಳಿತು — ಅರಳಿತಲ್ಲ, ಅದನ್ನು ಹೇಗೆ ತಡೆದುಕೊಂಡೆನೋ.

"ನಮ್ಮಣ್ಣ ಹೆಂಗೈತಪ್ಪ? ನೋಡಿದ್ಯಾ?"

ಆಮೇಲೆ ಅದು ವಾಡಿಕೆಯಾಯಿತು. ಗಂಡ ವಾಲ್ವು ತಿರುಗಿಸಲು ಹೋದ ಹೊತ್ತು ನೋಡಿ ಬರುತ್ತಿದ್ದಳು. ಹುಣಸೆಹಣ್ಣಿನ ಉಂಡೆ, ಶೇಂಗಾ, ಒಂದು ಸಲ ಅಣ್ಣನ ಮೊಮ್ಮಗುವಿಗೆ ಎಂದು ತಾನೇ ಹೊಲಿದ ಕುಲಾವಿ. ನಾನು ಅದನ್ನು ಚಳ್ಳಕೆರೆಯಲ್ಲಿ ಓಬಯ್ಯನಿಗೆ ಕೊಡುತ್ತಿದ್ದೆ. ಅವನು ಚೀಲ ಬಿಚ್ಚದೆ ಮೊದಲು ಕೇಳುತ್ತಿದ್ದ: "ನನ್ನ ತಂಗಿ ಏನಂದ್ಲು?" ಅವರ ಮನೆಮಾತು ತೆಲುಗು, ಬೋರಮ್ಮ ಒಮ್ಮೊಮ್ಮೆ ಕನ್ನಡ ಮರೆತು "ಮಾ ಅನ್ನಕಿ ಚೆಪ್ಪು" ಅನ್ನುತ್ತಿದ್ದಳು, ನಮ್ಮಣ್ಣನಿಗೆ ಹೇಳು ಎಂದು. ಏನು ಹೇಳಬೇಕು ಅನ್ನುವುದು ಅವಳ ಬಾಯಿಗೆ ಬರುತ್ತಿರಲಿಲ್ಲ. ಇಬ್ಬರೂ ನನ್ನನ್ನು ದೇವರಂಥವನು ಅನ್ನುತ್ತಿದ್ದರು. ನಾನು ಒಡೆದ ಮನೆಗಳ ನಡುವೆ ನಾನೇ ಉಪಕಾರಿಯಾಗಿ ಓಡಾಡುತ್ತಿದ್ದೆ, ಆರು ವರ್ಷ. ನಿಜ ಬಾಯಿಯವರೆಗೆ ಬಂದದ್ದು ಎಷ್ಟು ಸಲವೋ. ನಾಳೆ ಹೇಳೋಣ ಅನ್ನುತ್ತಿದ್ದೆ. ಬಸ್ಸು ಹೊರಡುವ ಹೊತ್ತಾಯಿತು ಅನ್ನುತ್ತಿದ್ದೆ.

ಆ ನಡುವೆ ಒಂದು ಮಧ್ಯಾಹ್ನ ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹೋಟೆಲಿನ ಟಿವಿಯಲ್ಲಿ ಆ ಸಿನಿಮಾ ಬಂತು. ಪೂರ್ತಿ ಬಂತು. ನಮ್ಮ ಹಳೆಯ ಸಂಘದವರು, ಮೊಳಕಾಲ್ಮೂರು ಸಂಘದವರೂ ಸೇರಿ ಐದಾರು ಜನ ಅಲ್ಲಿದ್ದರು. ಎಲ್ಲರಿಗೂ ಹೊಟ್ಟೆ ಬಂದಿತ್ತು, ಕೂದಲು ಉದುರಿತ್ತು. ಕೊನೆಯ ದೃಶ್ಯ ಬಂತು. ಅಂದು ಪಾಪಯ್ಯನ ಕುತ್ತಿಗೆ ಹಿಡಿದು ಬಗ್ಗಿಸಿದವನು ಟವೆಲಿನಿಂದ ಕಣ್ಣೊರೆಸಿಕೊಂಡ.

"ಏನ್ ಆಕ್ಟಿಂಗ್ ಲೇ. ಆ ಕೊನೇದು ಐತಲ್ಲ, ಅದೇ ಸಿನಿಮಾ. ಅವತ್ತು ನಮಗೆ ಬುದ್ಧಿ ಇರ್ಲಿಲ್ಲ."

"ಪಾಪಯ್ಯ ಅಂತ ಒಬ್ಬ ಇದ್ದ, ನೆನಪೈತಾ?" ಅಂದೆ.

"ಯಾರು, ಆ ಕತ್ತರಿ ಕಳ್ಳನಾ? ಹೋಗ್ಲಿ ಬಿಡು, ಹಳೇದು."

ಹಳೇದು. ಸಿನಿಮಾದ ಬಗ್ಗೆ ಅಭಿಪ್ರಾಯ ಬದಲಾಯಿಸಲು ಅವರಿಗೆ ಏಳು ನಿಮಿಷ ಸಾಕಾಯಿತು. ಮನುಷ್ಯನ ಬಗ್ಗೆ ಬದಲಾಯಿಸಲು ಯಾರಿಗೂ ಪುರುಸೊತ್ತಿಲ್ಲ. ನನ್ನ ಕೈಯಲ್ಲಿದ್ದ ಲೋಟವನ್ನು ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಎಸೆಯಲು ನನಗೇನು ಹಕ್ಕು? ಅವನು ತಿಳಿಯದೆ ಬಗ್ಗಿಸಿದ. ನಾನು ತಿಳಿದು ನಿಂತಿದ್ದೆ. ಅವತ್ತೂ ಹೇಳಲಿಲ್ಲ.

ಎರಡು ವರ್ಷವಾದ ಮೇಲೆ ಒಂದು ಬೆಳಿಗ್ಗೆ ಓಬಯ್ಯ ಎದೆನೋವು ಎಂದು ಕೂತವನು ಏಳಲಿಲ್ಲ. ಸುದ್ದಿ ದೇವಸಮುದ್ರಕ್ಕೆ ಫೋನಿನಲ್ಲಿ ನನಗಿಂತ ಮುಂಚೆ ಹೋಗಿತ್ತು. ಬಸ್ಸು ನಿಂತಾಗ ಬೋರಮ್ಮ ಕೈಯಲ್ಲಿ ಚೀಲ ಹಿಡಿದು ನಿಂತಿದ್ದಳು. ಇಪ್ಪತ್ತು ಮಾರು ಹಿಂದೆ, ಬೇವಿನ ಮರದ ಬುಡದಲ್ಲಿ ಪಾಪಯ್ಯ ನಿಂತಿದ್ದರು. ಬಾ ಎಂದೂ ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಅವಳು ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ ಇಟ್ಟಳು. ಹಿಂದಕ್ಕೆ ತಿರುಗಿ ನೋಡಿದಳು.

"ಹತ್ತಕ್ಕ" ಅಂದೆ.

ಅವಳು ಕಾಲು ಇಳಿಸಿದಳು. "ಹೋಗಪ್ಪ. ನಾನು ಬರಲ್ಲ."

ಆಗಲೂ ನಾನು ಇಳಿದು ಹೋಗಿ ಆ ಮರದ ಬುಡದಲ್ಲಿ ಹೇಳಿಬಿಟ್ಟಿದ್ದರೆ ಅವಳಿಗೆ ಅಣ್ಣನ ಮುಖವಾದರೂ ಸಿಗುತ್ತಿತ್ತು. ಮಧ್ಯಾಹ್ನದವರೆಗೂ ಮಣ್ಣು ಮಾಡುವುದಿರಲಿಲ್ಲ, ಸಮಯವಿತ್ತು. ನಾನು ಸೀಟಿ ಊದಿದೆ. ಬಸ್ಸು ಹೊರಟಿತು. ಫಿಲ್ಮು ಕೊಯ್ದದ್ದು ಒಂದು ಕೆಟ್ಟ ಗಳಿಗೆ, ಡಬ್ಬಿ ಬಿಚ್ಚಿಲ್ಲ ಅಂದದ್ದು ಇನ್ನೊಂದು. ಆದರೆ ನನ್ನ ಬದುಕಿನ ಅತ್ಯಂತ ಹೇಯ ಗಳಿಗೆ ಯಾವುದು ಎಂದು ಕೇಳಿದರೆ — ಆ ಸೀಟಿ.

ಒಂದು ತಿಂಗಳು ಸರಿಯಾಗಿ ಉಣ್ಣಲಾಗಲಿಲ್ಲ. ಮೊದಲು ಹೋದದ್ದು ದಾದಾಪೀರನ ಅಂಗಡಿಗೆ. ಎಲ್ಲ ಹೇಳಿದೆ. ಅವನ ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ನಿಂತಿತು.

"ಅವತ್ತು ನಾನು ಬಾಯಿ ಮುಚ್ಕೊಂಡು ಮನೆಗೆ ಹೋಗಿದ್ರೆ ಆಯಪ್ಪನ ಕೆಲಸ ಉಳೀತಿತ್ತು ಅಂತ ಹನ್ನೊಂದು ವರ್ಷ ನಾನು ಸುಟ್ಕೊಂಡೀನಿ" ಅಂದ. "ಆವತ್ತಿಂದ ಒಂದು ಸಿನಿಮಾ ನೋಡಿಲ್ಲ. ನೀನು ದಿನಾ ಈ ಅಂಗಡಿ ಮುಂದೆ ಚಾ ಕುಡ್ಕೊಂಡು ಹೋಗ್ತಿದ್ಯಲ್ಲೋ."

"ತಪ್ಪಾತು."

"ನನ್ನ ಹತ್ರ ಯಾಕೆ ಹೇಳ್ತೀಯ? ನನಗೆ ಹೇಳೋದು ಸುಲಭ ಅಂತಾನಾ? ಹೋಗು. ಹೇಳ್ಬೇಕಾದೋರಿಗೆ ಹೇಳು."

ಹೋದೆ. ರಜೆ ಹಾಕಿ, ಬೇರೆ ಬಸ್ಸಿನಲ್ಲಿ, ಟಿಕೆಟು ಕೊಂಡು ಹೋದೆ. ಪಾಪಯ್ಯ ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದರು, ಬೋರಮ್ಮ ಬೇಳೆ ಕೇರುತ್ತಿದ್ದಳು. ನೀರು ತರಲು ಎದ್ದವಳನ್ನು ಬೇಡ ಎಂದು ತಡೆದು, ನಿಂತೇ ಹೇಳಿದೆ. ಬ್ಲೇಡು, ಸೀರೆ, ಬಾಯ್ಲರು, ಆ ಮೂರು ಪದ — ಒಂದನ್ನೂ ಬಿಡದೆ ಹೇಳಿದೆ.

ಪಾಪಯ್ಯ ನನ್ನನ್ನು ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು, ಅದು ಅವರಿಗೂ ಗೊತ್ತಿತ್ತೇನೋ. ಅವರು ನನ್ನ ಕಡೆ ನೋಡಲೇ ಇಲ್ಲ. ಹೆಂಡತಿಯ ಕಡೆ ನೋಡಿದರು. ಬೀಡಿ ಆರಿಹೋಗಿತ್ತು.

"ನಾನು ಬಾಗಿಲಾಗೆ ನಿಂತು ಕಳಿಸಿದೆ" ಅಂದರು. "ಎರಡು ಸಲ."

ಬೋರಮ್ಮ ಮೊರ ಕೆಳಗಿಟ್ಟಳು. ಅವಳ ದನಿ ಏರಲಿಲ್ಲ.

"ನೀನು ದಿನಾ ನನ್ನ ಮುಂದೆ ಬರ್ತಿದ್ದೆ. ದಿನಾ. ನಾನು ಚೀಲ ಕೊಡ್ತಿದ್ದೆ, ನೀನು ತಗೊಂಡು ಹೋಗ್ತಿದ್ದೆ. ಒಂದು ದಿನ, ನಮ್ಮಣ್ಣ ಬದುಕಿದ್ದಾಗ ಒಂದೇ ಒಂದು ದಿನ ಹೇಳಾಕೆ ಆಗ್ಲಿಲ್ವಾ ನಿನಗೆ?"

ಆಗಲಿಲ್ಲ ಅನ್ನುವುದು ಸುಳ್ಳು. ಹೇಳಲಿಲ್ಲ, ಅಷ್ಟೇ. ಹಾಗೆಯೇ ಅಂದೆ.

"ಬಾ" ಎಂದು ಎದ್ದಳು. "ನಮ್ಮ ಅತ್ತಿಗೆ ಮುಂದೆ ಹೇಳು. ನಮ್ಮಣ್ಣ ಕಳ್ಳ ಅಲ್ಲ ಅಂತ ನನ್ನೆದುರಿಗೆ ಆಕೆ ಹತ್ರ ಹೇಳು."

ಮೂವರೂ ಮಧ್ಯಾಹ್ನದ ಬಸ್ಸಿನಲ್ಲಿ ಚಳ್ಳಕೆರೆಗೆ ಹೋದೆವು. ಅವರಿಬ್ಬರು ಮುಂದಿನ ಸೀಟಿನಲ್ಲಿ, ನಾನು ಕೊನೆಯಲ್ಲಿ. ಹನ್ನೊಂದು ವರ್ಷದ ಮೇಲೆ ಬೋರಮ್ಮ ಆ ಹೊಸ್ತಿಲು ತುಳಿದಳು. ಅತ್ತಿಗೆಯೂ ಅವಳೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತದ್ದನ್ನು ಬರೆಯುವ ಯೋಗ್ಯತೆ ನನಗಿಲ್ಲ. ಅಳು ನಿಂತ ಮೇಲೆ ನಾನು ಮತ್ತೆ ಮೊದಲಿನಿಂದ ಹೇಳಿದೆ. ಓಬಯ್ಯನ ಹೆಂಡತಿ ಕೇಳಿಸಿಕೊಂಡು, ನನ್ನನ್ನಲ್ಲ, ಪಾಪಯ್ಯನನ್ನು ನೋಡಿ ಹೇಳಿದಳು: "ಸಾಯೋ ಹಿಂದಿನ ದಿನಾನೂ ಅಂದ್ರು. ಪಾಪಯ್ಯ ನನ್ನ ಕಳ್ಳ ಅಂದ್ಕೊಂಡವ್ನೆ, ಅವನದೇನೂ ತಪ್ಪಿಲ್ಲ, ಯಾರೋ ನಮ್ಮಿಬ್ಬರ ಮಧ್ಯೆ ಏನೋ ಮಾಡವ್ರೆ ಅಂದ್ರು." ಪಾಪಯ್ಯ ಗೋಡೆಗೆ ಮುಖ ಮಾಡಿ ನಿಂತರು. ಅವರ ಬೆನ್ನು ಅಲುಗುವುದು ನನಗೆ ಕಾಣುತ್ತಿತ್ತು.

ಮೊಳಕಾಲ್ಮೂರಿನ ಮಾಲೀಕರು ಈಗಿಲ್ಲ, ಟಾಕೀಸು ಗೋಡೌನಾಗಿದೆ. ಅವರ ಮಗನಿಗೆ ಹೇಳಿದೆ. ಅವನು ಮೊಬೈಲ್ ನೋಡುತ್ತ "ಆಯ್ತು ಬಿಡಿ" ಅಂದ. ಹಳೆಯ ಸಂಘದವರಿಗೆ ಒಬ್ಬೊಬ್ಬರ ಮನೆಗೇ ಹೋಗಿ ಹೇಳಿದೆ. ಒಬ್ಬ ನಕ್ಕ. ಇನ್ನೊಬ್ಬ, ಆ ಕೊನೆ ಕತ್ತರಿಸಿದ್ದೇ ಒಳ್ಳೆಯದಾಯಿತು, ಸಿನಿಮಾ ಅಲ್ಲಿ ಎಳೆಯುತ್ತದೆ ಎಂದು ವಾದ ಶುರು ಮಾಡಿದ. ಕೇಳಿಸಿಕೊಳ್ಳುವವರು ಕಡಿಮೆ ಎಂದು ತಿಳಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನನ್ನ ಹೆಸರು ಮರೆಸಿಲ್ಲ. ಯಾರಿಗಾದರೂ ಪಾಪಯ್ಯ ಕಳ್ಳ ಎಂಬ ನೆನಪಿದ್ದರೆ ಅದನ್ನು ಅಳಿಸಿ, ಆ ಜಾಗದಲ್ಲಿ ನನ್ನ ಹೆಸರು ಬರೆದುಕೊಳ್ಳಿ.

ಓಬಯ್ಯನ ಮನೆಗೆ ಹೋಗಿದ್ದ ದಿನ ಸಂಜೆ ಅವರಿಬ್ಬರನ್ನು ದೇವಸಮುದ್ರದ ಬಸ್ಸಿಗೆ ಹತ್ತಿಸಲು ಹೋಗಿದ್ದೆ. ಪಾಪಯ್ಯ ಮಾತಾಡದೆ ಹತ್ತಿದರು. "ಬರ್ತೀನಕ್ಕ" ಅಂದೆ ನಾನು, ಬಾಯಿರೂಢಿಗೆ.

ಬೋರಮ್ಮ ಮೆಟ್ಟಿಲ ಮೇಲೆ ನಿಂತು ಹೇಳಿದಳು: "ಇನ್ಮೇಲೆ ನನ್ನ ಅಕ್ಕ ಅನ್ನಬೇಡ. ನನಗೆ ತಮ್ಮ ಇಲ್ಲ. ಅಣ್ಣ ಒಬ್ಬ ಇದ್ದ."

ಅಂದಿನಿಂದ ಅಂದಿಲ್ಲ.